ಎರಡು ಹಲ್ಲಿನ ಜಾಗ ತುಂಬಿಸಲು ಹೋಗಿ ಮೂರನೆಯ ಹಲ್ಲನ್ನೂ ಕಳೆದುಕೊಂಡೆ

ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲು ಸೆಟ್ ಮಾಡಿಸಬೇಕು ಅಂತ ಯೋಚಿಸುತ್ತಿದ್ದೀರಾ? ಅಳತೆ ಕೊಡುವ ಮೊದಲು ಇದನ್ನು ಓದಿ.

ನನಗೆ ಕೆಳಗಿನ ಎಡಗಡೆ ಕೊನೆಯ ಎರಡು ದವಡೆ ಹಲ್ಲುಗಳು ಹೋಗಿದ್ದವು. ಆ ಜಾಗಕ್ಕೆ ಒಂದು ಪುಟ್ಟ ಪ್ಲಾಸ್ಟಿಕ್ ಪ್ಲೇಟ್ ಮಾಡಿಸಿದೆ. ಒಂದೇ ಕಡೆಗೆ ಅಷ್ಟೇ. ಆ ಜಾಗದ ಪಕ್ಕದಲ್ಲೇ ಇದ್ದ ಮುಂದಿನ ಹಲ್ಲಿಗೆ ಒಂದು ತಂತಿಯ ಕೊಕ್ಕೆ. ಮೊದಲ ದಿನ ಗಟ್ಟಿಯಾಗಿ ಕೂತಿತ್ತು, ತುಂಬಾ ಖುಷಿಯಾಗಿತ್ತು.

ಕೆಲವು ತಿಂಗಳಿಗೆ ಸಡಿಲವಾಯಿತು. ಹೋದೆ, ಇಕ್ಕಳದಲ್ಲಿ ಕೊಕ್ಕೆ ಬಿಗಿ ಮಾಡಿಕೊಟ್ಟರು. ಮತ್ತೆ ಸಡಿಲ, ಮತ್ತೆ ಬಿಗಿ. ಹೀಗೆ ನಾಲ್ಕು ಸಲ. ಅಷ್ಟರಲ್ಲಿ ಕೊಕ್ಕೆ ಹಿಡಿದಿದ್ದ ಹಲ್ಲಿನ ಒಸಡು ಕೆಳಗೆ ಸರಿದು ಬೇರು ಕಾಣಲು ಶುರುವಾಯಿತು. ಹಲ್ಲುಜ್ಜುವಾಗ ರಕ್ತ. ಒಂದು ದಿನ ನಾಲಿಗೆ ತಾಗಿದಾಗ ಹಲ್ಲು ಅಲ್ಲಾಡಿತು. ಒಂದು ಹುಳುಕೂ ಇಲ್ಲದ ಹಲ್ಲು ಅದು!

ಬೇರೆ ವೈದ್ಯೆಯ ಹತ್ತಿರ ಹೋದೆ. ಅವರು ಪ್ಲೇಟ್ ಬಾಯಲ್ಲಿದ್ದಾಗಲೇ ಅದರ ಹಿಂದಿನ ತುದಿಯನ್ನು ಬೆರಳಲ್ಲಿ ಒತ್ತಿದರು. ತುದಿ ಒಸಡಿನೊಳಗೆ ಕುಸಿಯಿತು. ಮುಂದಿನ ಹಲ್ಲು ಹಿಂದಕ್ಕೆ ಎಳೆದಂತಾಯಿತು, ನನಗೇ ಗೊತ್ತಾಯಿತು. ಎಕ್ಸ್‌ರೇಯಲ್ಲಿ ಆ ಹಲ್ಲಿನ ಸುತ್ತಲಿನ ಮೂಳೆ ಕರಗಿತ್ತು. ಹಲ್ಲನ್ನು ಕೀಳಿಸಬೇಕಾಯಿತು.

ಅವರು ಹೇಳಿದ್ದು ಇಷ್ಟು. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಇರುವ ಪೊರೆ ಸುಮಾರು 0.2 ಮಿಲಿಮೀಟರ್ ದಪ್ಪ. ಹಾಗಾಗಿ ಜಗಿದಾಗ ಹಲ್ಲು ಕೆಳಗೆ ಇಳಿಯುವುದು ಇಲ್ಲವೆನ್ನುವಷ್ಟು. ಒಸಡು ಮೆತ್ತಗಿರುತ್ತದೆ, ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕುಸಿಯುತ್ತದೆ. ಪ್ಲೇಟಿನ ಒಂದು ತುದಿ ಹಲ್ಲಿಗೆ ಕಟ್ಟಿದ್ದು, ಇನ್ನೊಂದು ತುದಿ ಬರೀ ಒಸಡಿನ ಮೇಲೆ. ಪ್ರತಿ ತುತ್ತಿಗೂ ಹಿಂದಿನ ತುದಿ ಕುಸಿದಾಗ ಕೊಕ್ಕೆ ಹಲ್ಲನ್ನು ಮೀಟುತ್ತದೆ. ಹಲ್ಲು ಮೇಲಿನಿಂದ ಬರುವ ಭಾರ ತಡೆಯುತ್ತದೆ, ಪಕ್ಕದಿಂದ ಎಳೆಯುವುದನ್ನು ತಡೆಯುವುದಿಲ್ಲ. ನಾನು ಬಿಗಿ ಮಾಡಿಸಿದಷ್ಟೂ ಎಳೆತ ಜೋರಾಯಿತು. ಇದನ್ನು ಕೇಳಿ ನನಗೆ ಅಳುವೇ ಬಂತು. ಪ್ಲೇಟ್ ಕೂತ ಮೇಲೆ ಕೊಕ್ಕೆ ಹಲ್ಲನ್ನು ಒತ್ತಲೇಬಾರದಂತೆ, ಪ್ಲೇಟ್ ಮೇಲೇಳುವಾಗ ಮಾತ್ರ ಹಿಡಿಯಬೇಕಂತೆ.

ನನ್ನ ಪ್ಲೇಟಿನಲ್ಲಿ ಇನ್ನೂ ಒಂದು ಮುಖ್ಯ ಭಾಗವೇ ಇರಲಿಲ್ಲ. ಅದಕ್ಕೆ ರೆಸ್ಟ್ ಅನ್ನುತ್ತಾರೆ. ಹಲ್ಲಿನ ಮೇಲೆ ಚಿಕ್ಕ ಗುಳಿ ಮಾಡಿ, ಪ್ಲೇಟಿನ ಪುಟ್ಟ ಲೋಹದ ಕಾಲು ಅದರಲ್ಲಿ ಕೂರುವಂತೆ ಮಾಡುತ್ತಾರೆ. ಆಗ ಭಾರ ಬೇರಿನ ಉದ್ದಕ್ಕೆ ಇಳಿಯುತ್ತದೆ, ಪ್ಲೇಟ್ ಒಸಡನ್ನು ಕೊರೆಯುತ್ತಾ ಕೆಳಗೆ ಜಾರುವುದಿಲ್ಲ. ಲೋಹ ಕಾಣುವುದಿಲ್ಲ ಅಂತ ಎಷ್ಟೋ ಜನ ಬಾಗುವ ಮೆತ್ತನೆಯ ಪ್ಲೇಟ್ ಮಾಡಿಸುತ್ತಾರಲ್ವಾ? ಅವುಗಳಲ್ಲೂ ಸಾಮಾನ್ಯವಾಗಿ ರೆಸ್ಟ್ ಇರುವುದಿಲ್ಲ. ದಯವಿಟ್ಟು ಕೇಳಿ ನೋಡಿ.

ಈಗಿನದು ಕೋಬಾಲ್ಟ್ ಕ್ರೋಮ್ ಲೋಹದ್ದು. ನಾಲಿಗೆಯ ಕೆಳಗೆ ಒಂದು ಪಟ್ಟಿ ಬಲಗಡೆಗೆ ಹೋಗುತ್ತದೆ, ಅಲ್ಲಿಯ ಹಲ್ಲುಗಳೂ ಭಾರ ಹಂಚಿಕೊಳ್ಳುತ್ತವೆ. ಎಡಗಡೆ ಈಗ ಕೊನೆಯಲ್ಲಿ ಉಳಿದಿರುವ ಹಲ್ಲಿನ ಮೇಲಿನ ರೆಸ್ಟ್ ಅದರ ಹಿಂಭಾಗದಲ್ಲಲ್ಲ, ಮುಂಭಾಗದಲ್ಲಿದೆ. ಹಿಂದಿನ ತುದಿ ಕುಸಿದರೆ ಕೊಕ್ಕೆಯ ತುದಿ ಕೆಳಗೆ ಜಾರಿ ಹಲ್ಲನ್ನು ಬಿಟ್ಟುಬಿಡುತ್ತದೆ. ಕೊಕ್ಕೆ ಹಲ್ಲಿನ ಉಬ್ಬಿನ ಕೆಳಗೆ ಹಿಡಿದಿರುವುದು 0.25 ಮಿಲಿಮೀಟರ್ ಮಾತ್ರ. ಅಷ್ಟೇ ಸಾಕಂತೆ. ಇದನ್ನೆಲ್ಲ ಅಚ್ಚಿನ ಮೇಲೆ ಅಳೆದು, ಗೆರೆ ಹಾಕಿ, ಚಿತ್ರ ಬರೆದು ಲ್ಯಾಬಿಗೆ ಕಳಿಸಿದ್ದನ್ನು ನಾನೇ ನೋಡಿದೆ. ಮೊದಲ ಸಲ ಸುಮ್ನೆ ಅಳತೆ ತೆಗೆದು ಕಳಿಸಿದ್ದರು. ವಿನ್ಯಾಸ ಯಾರು ಮಾಡುತ್ತಾರೆ ಅಂತ ನಾನೂ ಕೇಳಿರಲಿಲ್ಲ.

ಈಗಾಗಲೇ ಇಂಥ ಪ್ಲೇಟ್ ಹಾಕುವವರು ಅದರ ಹಿಂದಿನ ತುದಿಯನ್ನು ಬೆರಳಲ್ಲಿ ಒತ್ತಿ ನೋಡಿ. ಮುಂದಿನ ಭಾಗ ಎದ್ದರೆ ಅಥವಾ ಹಲ್ಲು ಎಳೆದಂತಾದರೆ ಕೊಕ್ಕೆ ಬಿಗಿ ಮಾಡಿಸಬೇಡಿ. ಕೆಳಗಿನ ಮೂಳೆ ಸವೆದು ಜಾಗ ಆಗಿರಬಹುದು. ಪ್ಲೇಟಿನ ತಳ ತುಂಬಿಸಿಕೊಡಲು ಕೇಳಿ. ರಾತ್ರಿ ತೆಗೆದಿಟ್ಟು ಮಲಗಿ. ಕೊಕ್ಕೆ ತಾಗುವ ಹಲ್ಲನ್ನು ಒಸಡಿನ ಅಂಚಿನವರೆಗೂ ಉಜ್ಜಿ, ಅಲ್ಲೇ ಹುಳುಕು ಬೇಗ ಹಿಡಿಯುವುದು.