ಎರಡು ವರ್ಷಕ್ಕೊಮ್ಮೆ ಮರೆಯುವ ಬಳಗ: ಮನೋವಿಜ್ಞಾನ ವಿದ್ಯಾರ್ಥಿಗಳ ಟೆಲಿಗ್ರಾಂ ಗುಂಪಿನ ವಿಮರ್ಶೆ

ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಮನೋವಿಜ್ಞಾನದ ಎಂ.ಎಸ್ಸಿ. ಓದುತ್ತಿರುವ ನಾನು ಈಗ ನಾಲ್ಕನೆಯ ಸೆಮಿಸ್ಟರಿನಲ್ಲಿದ್ದೇನೆ. ಹದಿನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿ, ಸಂಬಳವಿಲ್ಲದ ರಜೆ ಹಾಕಿ ಬಂದವಳಾದ್ದರಿಂದ ತರಗತಿಯಲ್ಲಿ ನನಗಿಂತ ವಯಸ್ಸಾದವರು ಇಬ್ಬರು ಪ್ರಾಧ್ಯಾಪಕರು ಮಾತ್ರ. ಪ್ರವೇಶ ಪಡೆದ ವಾರದಲ್ಲೇ ವಿಭಾಗದ ವಿದ್ಯಾರ್ಥಿಗಳು ತಾವೇ ನಡೆಸುವ ಟೆಲಿಗ್ರಾಂ ಗುಂಪಿಗೆ ನನ್ನನ್ನು ಸೇರಿಸಿದರು. ಅಲ್ಲಿ ಮೊದಲ ತಿಂಗಳು ನಾನು ‘ಮೇಡಂ’ ಆಗಿದ್ದೆ, ಆಮೇಲೆ ‘ಅಕ್ಕ’ ಆದೆ. ಆ ಗುಂಪಿನಿಂದ ನನಗೆ ದೊರೆತದ್ದೇನು, ಅದು ಕೈಕೊಟ್ಟದ್ದೆಲ್ಲಿ ಎಂಬುದನ್ನು ಮುಂದೆ ಈ ಕೋರ್ಸಿಗೆ ಬರುವವರ ಉಪಯೋಗಕ್ಕೆಂದು ಬರೆಯುತ್ತಿದ್ದೇನೆ. ಗುಂಪಿನ ಹೆಸರನ್ನಾಗಲಿ ವಿಶ್ವವಿದ್ಯಾಲಯದ ಹೆಸರನ್ನಾಗಲಿ ಹೇಳುವುದಿಲ್ಲ. ಇಲ್ಲಿನ ಗುಣದೋಷಗಳು ಬೇರೆ ವಿಭಾಗಗಳ ಇಂಥ ಗುಂಪುಗಳಿಗೂ ಸಲ್ಲಬಹುದು.

ಗುಂಪಿನಲ್ಲಿ ಈಗ ಓದುತ್ತಿರುವವರು, ಓದು ಮುಗಿಸಿ ಹೋದವರು ಸೇರಿ ಮುನ್ನೂರಕ್ಕೂ ಹೆಚ್ಚು ಜನರಿದ್ದಾರೆ. ಪ್ರಾಕ್ಟಿಕಲ್, ಸಂಖ್ಯಾಶಾಸ್ತ್ರ, ಡಿಸರ್ಟೇಷನ್ (ಕೋರ್ಸಿನ ಸಂಶೋಧನಾ ಪ್ರಬಂಧ), ನೆಟ್ ಪರೀಕ್ಷೆ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ), ಹಾಸ್ಟೆಲ್ ಎಂದು ಬೇರೆ ಬೇರೆ ವಿಷಯಗಳಾಗಿ ವಿಂಗಡಿಸಿದ್ದಾರೆ. ವಾಟ್ಸಾಪ್ ಬಿಟ್ಟು ಟೆಲಿಗ್ರಾಂ ಏಕೆ ಎಂದು ಕೇಳಿದ್ದಕ್ಕೆ, ಹೊಸದಾಗಿ ಸೇರಿದವರಿಗೂ ಹಳೆಯ ಸಂದೇಶಗಳು, ಕಡತಗಳು ಕಾಣಬೇಕು ಎಂಬ ಸರಿಯಾದ ಕಾರಣವನ್ನೇ ಕೊಟ್ಟರು. ಎರಡನೆಯ ವರ್ಷದ ಇಬ್ಬರು ಅಡ್ಮಿನ್ ಆಗಿರುತ್ತಾರೆ. ಶನಿವಾರ ಸಂಜೆ ಏಳಕ್ಕೆ ಗೂಗಲ್ ಮೀಟ್‌ನಲ್ಲಿ ಒಂದು ಗಂಟೆ ಯಾರಾದರೊಬ್ಬ ಸೀನಿಯರ್ ಪಾಠ ಹೇಳುತ್ತಾರೆ. ಪ್ರಾಧ್ಯಾಪಕರಿಗೆ ಗುಂಪಿನಲ್ಲಿ ಪ್ರವೇಶವಿಲ್ಲ. ಈ ನಿಯಮ ಮೊದಲು ನನಗೆ ಹಿಡಿಸಿರಲಿಲ್ಲ. ತರಗತಿಯಲ್ಲಿ ಬಾಯಿ ತೆರೆಯದ ಮಕ್ಕಳು ಇಲ್ಲಿ ‘ಪಿ ವ್ಯಾಲ್ಯೂ ಅಂದ್ರೆ ಏನು’ ಎಂಬ ಸಂಖ್ಯಾಶಾಸ್ತ್ರದ ತೀರಾ ಮೂಲಭೂತ ಪ್ರಶ್ನೆಯನ್ನೂ ಸಂಕೋಚವಿಲ್ಲದೆ ಕೇಳುವುದನ್ನು ನೋಡಿದ ಮೇಲೆ ಅದರ ಅಗತ್ಯ ತಿಳಿಯಿತು.

ಗುಂಪಿನ ನಿಜವಾದ ಶಕ್ತಿ ಇರುವುದು ಸಂಖ್ಯಾಶಾಸ್ತ್ರದಲ್ಲಿ. ಮೂರನೆಯ ಸೆಮಿಸ್ಟರಿನಲ್ಲಿ ಡಿಸರ್ಟೇಷನ್ನಿಗಾಗಿ ನೂರ ಇಪ್ಪತ್ತು ಶಾಲಾ ಮಕ್ಕಳಿಂದ ರೋಸೆನ್‌ಬರ್ಗ್ ಆತ್ಮಗೌರವ ಮಾಪನಿಯ ಕನ್ನಡ ರೂಪವನ್ನು ತುಂಬಿಸಿಕೊಂಡು ಬಂದಿದ್ದೆ. 1965ರಲ್ಲಿ ಪ್ರಕಟವಾದ, ಹತ್ತೇ ಹತ್ತು ಹೇಳಿಕೆಗಳ ಸರಳ ಮಾಪನಿ ಅದು. ಒಂದು ರಾತ್ರಿ ಹತ್ತೂಮುಕ್ಕಾಲಿಗೆ ಜಮೋವಿ ಎಂಬ ಉಚಿತ ತಂತ್ರಾಂಶದಲ್ಲಿ ಆ ಅಂಕಗಳಿಗೆ ಕ್ರಾನ್‌ಬಾಕ್ ಆಲ್ಫಾ ತೆಗೆದರೆ 0.09 ಎಂದು ತೋರಿಸಿತು. ಒಂದೇ ಗುಣವನ್ನು ಅಳೆಯುವ ಹೇಳಿಕೆಗಳು ತಮ್ಮತಮ್ಮಲ್ಲಿ ಎಷ್ಟು ಹೊಂದಿಕೊಂಡಿವೆ ಎಂದು ಹೇಳುವ ಈ ಸಂಖ್ಯೆ ಸಾಮಾನ್ಯವಾಗಿ 0.70ರ ಮೇಲಿರಬೇಕೆಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಮಕ್ಕಳು ಮನಸ್ಸಿಟ್ಟು ತುಂಬಿಲ್ಲವೆಂದು ಅವರ ಮೇಲೆಯೇ ಸಿಟ್ಟು ಬಂತು. ಪರದೆಯ ಚಿತ್ರ ತೆಗೆದು ಗುಂಪಿಗೆ ಹಾಕಿದೆ. ಆರು ನಿಮಿಷದಲ್ಲಿ ಹಿಂದಿನ ಬ್ಯಾಚಿನ ಹುಡುಗನೊಬ್ಬ ಬರೆದ: “ಅಕ್ಕ, 2, 5, 6, 8, 9 ತಿರುಗಿಸಿದ್ರಾ? ಟೇಬಲ್ ಕೆಳಗಿನ ಸಣ್ಣ ಅಕ್ಷರ ಓದಿ.”

ಓದಿದೆ. ಈ ಹೇಳಿಕೆಗಳು ಒಟ್ಟು ಅಂಕಕ್ಕೆ ವಿರುದ್ಧ ದಿಕ್ಕಿನಲ್ಲಿವೆ, ಬಹುಶಃ ಇವನ್ನು ತಿರುಗಿಸಬೇಕು ಎಂದು ತಂತ್ರಾಂಶವೇ ಕೋಷ್ಟಕದ ಅಡಿಯಲ್ಲಿ ಬರೆದಿತ್ತು. ನಾನು ದಪ್ಪ ಅಕ್ಷರದ ಸಂಖ್ಯೆಯನ್ನಷ್ಟೇ ನೋಡಿ ಕಂಗಾಲಾಗಿದ್ದೆ. ಆ ಐದು ಹೇಳಿಕೆಗಳು ನಕಾರಾತ್ಮಕವಾದವು. ‘ನಾನು ಯಾವುದಕ್ಕೂ ಉಪಯೋಗವಿಲ್ಲ’ ಎಂಬ ಅರ್ಥದ ಹೇಳಿಕೆಗೆ ಪೂರ್ತಿ ಒಪ್ಪುತ್ತೇನೆ ಎಂದವನಿಗೆ ನಾಲ್ಕು ಅಂಕ ಕೊಟ್ಟರೆ ಅವನ ಆತ್ಮಗೌರವ ಲೆಕ್ಕದಲ್ಲಿ ಮೇಲೇರಿ ಕೂರುತ್ತದೆ. ಆದ್ದರಿಂದ ಅಲ್ಲಿ ನಾಲ್ಕನ್ನು ಒಂದು, ಮೂರನ್ನು ಎರಡು ಎಂದು ತಿರುವಿ ಹಾಕಬೇಕು. ತಿರುವಿದ ಮೇಲೆ 0.74 ಬಂತು. ಇದನ್ನು ಪುಸ್ತಕದಲ್ಲಿ ಓದಿರಲಿಲ್ಲವೇ ಎಂದರೆ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಹೋದ ವರ್ಷ ಅದೇ ಹಳ್ಳಕ್ಕೆ ಬಿದ್ದು ಎದ್ದವನಿಗೆ ನನ್ನ ತಪ್ಪು ಚಿತ್ರ ನೋಡಿದ ಕೂಡಲೇ ಹೊಳೆಯಿತು. ಈ ಬಗೆಯ ನೆರವು ಗೈಡ್‌ಗಳಾದ ಪ್ರಾಧ್ಯಾಪಕರಿಂದ ಸಿಗುವುದು ಕಷ್ಟ, ಅವರು ಆ ಹಳ್ಳವನ್ನು ದಾಟಿ ಇಪ್ಪತ್ತು ವರ್ಷವಾಗಿರುತ್ತದೆ.

ಆದರೂ ಎಂಟನೆಯ ಹೇಳಿಕೆ ಮಾತ್ರ ಉಳಿದವುಗಳೊಂದಿಗೆ ಕೂಡಿಕೊಳ್ಳಲಿಲ್ಲ. ‘ನನ್ನ ಬಗ್ಗೆ ನನಗೆ ಇನ್ನೂ ಹೆಚ್ಚು ಗೌರವ ಇರಬೇಕಿತ್ತು’ ಎಂದು ಅದರ ಕನ್ನಡ ರೂಪ. ಇಂಗ್ಲಿಷಿನಲ್ಲಿ ಅದು ಕೊರತೆಯನ್ನು ಒಪ್ಪಿಕೊಳ್ಳುವ ಮಾತು. ನಮ್ಮ ಮಕ್ಕಳು ಅದನ್ನು ನೀತಿಪಾಠದಂತೆ ಓದಿಕೊಂಡು, ಗೌರವ ಹೆಚ್ಚಿರುವುದು ಒಳ್ಳೆಯದೇ ತಾನೆ ಎಂದು ಸಾಲುಸಾಲಾಗಿ ಒಪ್ಪಿಗೆ ಹಾಕಿದ್ದರು. ಚೀನೀ ಭಾಷೆಗೆ ಅನುವಾದಿಸಿದವರಿಗೂ ಇದೇ ಎಂಟನೆಯ ಹೇಳಿಕೆ ತಲೆನೋವಾಗಿತ್ತೆಂಬ ಸಂಗತಿಯನ್ನು ಶನಿವಾರದ ಮೀಟ್‌ನಲ್ಲಿ ಒಬ್ಬಳು ತಿಳಿಸಿದಳು. ಅಲ್ಲಿಂದ ಗುಂಪಿನಲ್ಲಿ ಒಂದು ಒಳ್ಳೆಯ ಪದ್ಧತಿ ಶುರುವಾಯಿತು. ಒಬ್ಬರು ಮಾಪನಿಯನ್ನು ಕನ್ನಡಕ್ಕೆ ತರುತ್ತಾರೆ, ಮೂಲವನ್ನೇ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ, ಎರಡು ಇಂಗ್ಲಿಷ್ ರೂಪಗಳು ಎಲ್ಲಿ ಬೇರೆಯಾದವೋ ಅಲ್ಲಿ ಕೂತು ಚರ್ಚಿಸುತ್ತಾರೆ. ಒಮ್ಮೆ ಕಲಬುರಗಿಯ ಹುಡುಗ ಮತ್ತು ಉಡುಪಿಯ ಹುಡುಗಿ ‘ಬೇಜಾರು’ ಎಂಬ ಒಂದೇ ಪದದ ಮೇಲೆ ಅರ್ಧ ಗಂಟೆ ವಾದಿಸಿದರು. ಒಬ್ಬರಿಗೆ ಅದು ದುಃಖ, ಮತ್ತೊಬ್ಬರಿಗೆ ಬರೀ ಹೊತ್ತು ಹೋಗದಿರುವುದು. ಖಿನ್ನತೆಯನ್ನು ಅಳೆಯುವ ಪ್ರಶ್ನಾವಳಿಯಲ್ಲಿ ಈ ಎರಡರ ನಡುವಿನ ಅಂತರ ಸಣ್ಣದಲ್ಲ. ಸ್ಟ್ಯಾನ್‌ಫರ್ಡ್-ಬಿನೆ ಬುದ್ಧಿ ಪರೀಕ್ಷೆಯನ್ನು 1930ರ ದಶಕದಲ್ಲೇ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿದ್ದರು. ಆ ಕೆಲಸದ ಬೆಲೆ ಏನೆಂಬುದು ನನಗೆ ಅರಿವಾದದ್ದು ಇಂಥ ಜಗಳಗಳಲ್ಲಿ. ತರಗತಿಯ ಪಾಠ ಪೂರ್ತಿ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿ ಬಂದವರು ಸಂವೇದನೆ, ಪ್ರತ್ಯಕ್ಷಾನುಭವ, ಪ್ರಾಕ್ಕಲ್ಪನೆ ಎಂಬ ತಮ್ಮ ಹಳೆಯ ಪದಗಳನ್ನು ಹೊಸ ಪದಗಳಿಗೆ ಜೋಡಿಸಿಕೊಳ್ಳುವ ಜಾಗವೂ ಇದೊಂದೇ.

ಶನಿವಾರದ ಮೀಟ್‌ನ ಗುಣಮಟ್ಟ ಹೇಳುವವರನ್ನು ಅವಲಂಬಿಸಿದೆ. ಕೆಲವರು ಸ್ಲೈಡನ್ನು ಗಟ್ಟಿಯಾಗಿ ಓದುವುದೇ ಪಾಠವೆಂದುಕೊಂಡಿದ್ದಾರೆ. ಆದರೂ ಹಾಸ್ಟೆಲಿನ ಕೋಣೆಯಿಂದ, ಹಿಂದೆ ಬಕೆಟ್ಟಿನ ಸದ್ದು ಕೇಳುತ್ತಿರುವಾಗ ನಡೆಯುವ ಈ ಪಾಠಗಳಿಗೆ ನಮ್ಮಲ್ಲಿ ಒಂದು ಹಿರಿಯ ಪರಂಪರೆ ಇದೆಯೆಂದು ನಾನು ತಮಾಷೆಗೆ ಹೇಳುವುದುಂಟು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದವರು. ಅದೇ ಮುಂದೆ ‘ಆಕಾಶವಾಣಿ’ ಎಂಬ ಹೆಸರು ಹೊತ್ತಿತು. ಮನೋವಿಜ್ಞಾನದವರು ಮನೆಯಲ್ಲಿ ಕೂತು ಊರಿಗೆ ಮಾತನಾಡುವುದು ನಿನ್ನೆ ಮೊನ್ನೆಯ ಚಟವಲ್ಲ.

ಇನ್ನು ಕುಂದುಕೊರತೆಗೆ ಬರುತ್ತೇನೆ. ಫೆಬ್ರವರಿ ಬಂತೆಂದರೆ ಗುಂಪು ಗೂಗಲ್ ಫಾರ್ಮ್‌ಗಳ ಸಂತೆಯಾಗುತ್ತದೆ. ‘ದಯವಿಟ್ಟು ಐದು ನಿಮಿಷ’ ಎಂದು ಒಂದೇ ದಿನ ಹನ್ನೊಂದು ಫಾರ್ಮ್ ಬಂದದ್ದನ್ನು ಎಣಿಸಿದ್ದೇನೆ. ನಾನು ನಿನ್ನದನ್ನು ತುಂಬುತ್ತೇನೆ, ನೀನು ನನ್ನದನ್ನು ತುಂಬು ಎಂಬ ಮುಯ್ಯಿ ವ್ಯವಹಾರ ಬೆಳೆದು, ‘ಕರ್ನಾಟಕದ ಯುವಜನರಲ್ಲಿ ಒತ್ತಡ’ ಎಂಬ ಅಧ್ಯಯನಗಳೆಲ್ಲ ಕಡೆಗೆ ನಮ್ಮದೇ ವಿಭಾಗದ ಇನ್ನೂರು ಜನರ ಒತ್ತಡವಾಗಿ ಮುಗಿಯುತ್ತವೆ. ಆ ಇನ್ನೂರು ಜನರಿಗೆ ಪ್ರತಿ ಮಾಪನಿಯೂ ಬಾಯಿಪಾಠ, ಯಾವ ಉತ್ತರಕ್ಕೆ ಯಾವ ಅಂಕವೆಂಬುದೂ ಗೊತ್ತು. ಜಗತ್ತಿನ ಮನೋವಿಜ್ಞಾನದ ತೀರ್ಮಾನಗಳು ಬಹುಪಾಲು ಪಾಶ್ಚಾತ್ಯ ಸಿರಿವಂತ ದೇಶಗಳ, ಅದರಲ್ಲೂ ಕಾಲೇಜು ವಿದ್ಯಾರ್ಥಿಗಳ ಮೇಲೆ ನಿಂತಿವೆಯೆಂಬ 2010ರ ಸಂಶೋಧಕ ಹೆನ್‌ರಿಕ್ ಮತ್ತು ಸಂಗಡಿಗರ ಆಕ್ಷೇಪವನ್ನು ನಾವು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಠೀವಿಯಿಂದ ಹೇಳುತ್ತೇವೆ, ಹೊರಗೆ ಬಂದು ಅದಕ್ಕಿಂತ ಕಿರಿದಾದ ಬಾವಿಯಿಂದ ನೀರು ಸೇದುತ್ತೇವೆ. ಅಡ್ಮಿನ್‌ಗಳು ಫಾರ್ಮ್‌ಗಳಿಗೆ ವಾರದಲ್ಲಿ ಒಂದು ದಿನ ಗೊತ್ತುಮಾಡಿದರೂ ನಿಯಮ ಎರಡು ವಾರ ಮೀರಿ ಬಾಳಲಿಲ್ಲ.

ಇದಕ್ಕಿಂತ ದೊಡ್ಡ ದೋಷವೆಂದರೆ ಮರೆವು. ಕೋರ್ಸು ಎರಡು ವರ್ಷದ್ದು. ಅಡ್ಮಿನ್ ಕೆಲಸ ಕಲಿಯುವುದರೊಳಗೆ ಹೊರಡುವ ಹೊತ್ತಾಗಿರುತ್ತದೆ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನನ್ನೇ ಪರೀಕ್ಷಿಸಿಕೊಂಡು ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ವಿಸ್ಮೃತಿ ರೇಖೆಯನ್ನು, ಅಂದರೆ ಕಲಿತದ್ದು ದಿನಕಳೆದಂತೆ ಎಷ್ಟು ಮರೆತುಹೋಗುತ್ತದೆಂದು ತೋರಿಸುವ ಗೆರೆಯನ್ನು, ಮೊದಲ ಸೆಮಿಸ್ಟರಿನ ರೆಕಾರ್ಡ್ ಬುಕ್ಕಿನಲ್ಲಿ ನಾವೆಲ್ಲರೂ ಬಿಡಿಸಿದ್ದೇವೆ. ನಮ್ಮ ಗುಂಪಿನ ರೇಖೆ ಅದಕ್ಕಿಂತ ಕಡಿದಾಗಿ ಇಳಿಯುತ್ತದೆ. ‘ನೆಟ್ ಪರೀಕ್ಷೆಗೆ ಕೈಪಿಡಿ’ ಎಂದು ಎಲ್ಲರ ಕಣ್ಣಿಗೆ ಬೀಳುವಂತೆ ಪಿನ್ ಮಾಡಿಟ್ಟ ಕಡತದಲ್ಲಿ ಮೂರು ಪತ್ರಿಕೆಗಳ ವಿವರವಿದೆ. 2018ರಲ್ಲೇ ಮೂರು ಪತ್ರಿಕೆಗಳು ಎರಡಾಗಿವೆ. ಈಗ ಒಟ್ಟು 150 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮೊದಲ ವರ್ಷದ ಹುಡುಗಿಯೊಬ್ಬಳು ಆ ಕಡತವನ್ನು ನಂಬಿ, ಇಲ್ಲದ ಮೂರನೆಯ ಪತ್ರಿಕೆಗೆ ಒಂದು ತಿಂಗಳು ಟಿಪ್ಪಣಿ ಮಾಡಿಕೊಂಡಿದ್ದಳು. ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಕುರಿತ ಕಡತದ ಕಥೆಯೂ ಹೀಗೆಯೇ. ಆ ಕೋರ್ಸಿಗೆ 2025–26ರವರೆಗೆ ಪ್ರವೇಶ ಕೊಡಬಹುದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಅವಧಿ ಗೊತ್ತುಪಡಿಸಿದ್ದರ ಸುಳಿವೂ ಅದರಲ್ಲಿಲ್ಲ. ಅದು ಎಂದೆಂದಿಗೂ ಇರುವುದೆಂಬಂತೆ ಬರೆದಿದ್ದಾರೆ. ಪರೀಕ್ಷೆ, ಪ್ರವೇಶ, ಪರವಾನಗಿಯ ವಿಷಯದಲ್ಲಿ ಈ ಗುಂಪನ್ನು ನಂಬಬೇಡಿ. ಆಯಾ ಸಂಸ್ಥೆಯ ಅಧಿಸೂಚನೆಯನ್ನು ನೀವೇ ತೆರೆದು ಓದಿ.

ಪರೀಕ್ಷಾ ಸಾಮಗ್ರಿಯ ಬಗ್ಗೆ ಗುಂಪಿನ ನಿಲುವು ಇಬ್ಬಗೆಯದು. ರೇವನ್ ಪ್ರೋಗ್ರೆಸಿವ್ ಮ್ಯಾಟ್ರಿಸಸ್ ಎಂಬ ಬುದ್ಧಿ ಪರೀಕ್ಷೆಯ ಅರವತ್ತು ಚಿತ್ರಗಳ ಪೂರ್ತಿ ಪ್ರತಿಯನ್ನು ಉತ್ತರಗಳ ಸಮೇತ ಒಬ್ಬ ಹಾಕಿದ್ದ. ಅಡ್ಮಿನ್ ತೆಗೆದು ಹಾಕುವಷ್ಟರಲ್ಲಿ ನಲವತ್ತು ಜನ ಇಳಿಸಿಕೊಂಡಿದ್ದರು. ಇದು ಹಕ್ಕುಸ್ವಾಮ್ಯದ ಪ್ರಶ್ನೆಯಷ್ಟೇ ಅಲ್ಲ. ಉತ್ತರ ಬೀದಿಗೆ ಬಂದ ಬುದ್ಧಿ ಪರೀಕ್ಷೆ ಮುಂದೆ ಯಾರ ಬುದ್ಧಿಯನ್ನೂ ಅಳೆಯಲಾರದು, ನೆನಪನ್ನು ಮಾತ್ರ ಅಳೆದೀತು. ಇನ್ನೊಂದು ಕಡೆ, ವಿಭಾಗದ ಬೀರುವಿನಲ್ಲಿರುವ ಎರಡು ಪ್ರತಿಗಳಿಗೆ ಅರವತ್ತು ಜನ ಕಾಯಬೇಕಾದ ಸ್ಥಿತಿಯಲ್ಲಿ ಮಕ್ಕಳನ್ನು ಮಾತ್ರ ಬೈಯುವುದಕ್ಕೂ ನನ್ನ ನಾಲಿಗೆ ಹೊರಳುವುದಿಲ್ಲ.

ಮನಸ್ಸು ಸರಿಯಿಲ್ಲದವರು ಇಲ್ಲಿ ಬಂದು ಹೇಳಿಕೊಳ್ಳುವುದುಂಟು. ಮನೋವಿಜ್ಞಾನದವರ ಗುಂಪೆಂದ ಮೇಲೆ ಅದು ಸಹಜ, ಅಪಾಯವೂ ಅಲ್ಲೇ ಇದೆ. ಎರಡನೆಯ ಸೆಮಿಸ್ಟರಿನಲ್ಲಿ ಮನೋರೋಗಗಳ ಪಾಠ ಶುರುವಾದೊಡನೆ ಅರ್ಧ ತರಗತಿಗೆ ತಮಗೇ ಎಲ್ಲ ಕಾಯಿಲೆಗಳೂ ಇವೆ ಎನಿಸುತ್ತದೆ, ಉಳಿದರ್ಧ ಅವರಿಗೆ ರೋಗದ ಹೆಸರು ಹೇಳಲು ತುದಿಗಾಲಲ್ಲಿ ನಿಂತಿರುತ್ತದೆ. ಇಲ್ಲಿ ಮಾತ್ರ ಅಡ್ಮಿನ್‌ಗಳು ಕಟ್ಟುನಿಟ್ಟು. ಯಾರೂ ಯಾರಿಗೂ ರೋಗನಿರ್ಣಯ ಮಾಡುವಂತಿಲ್ಲ, ಅಂಥ ಸಂದೇಶ ಬಂದರೆ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟು, ಪರಿಚಯದವರೊಬ್ಬರು ಖುದ್ದಾಗಿ ಹೋಗಿ ನೋಡಿ ಬರಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸರ್ಕಾರಿ ಸಹಾಯವಾಣಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಗುಂಪಿನ ನಿಯಮಗಳಲ್ಲಿ ಬ್ಯಾಚಿನಿಂದ ಬ್ಯಾಚಿಗೆ ಮರೆಯದೆ ದಾಟಿ ಬಂದಿರುವುದು ಇದೊಂದೇ ಎಂದು ಹಳಬರು ಹೇಳುತ್ತಾರೆ.

ಸೇರಲು ಶುಲ್ಕವಿಲ್ಲ, ತರಗತಿಯ ಪ್ರತಿನಿಧಿಗೆ ಪ್ರವೇಶ ರಸೀದಿಯ ಚಿತ್ರ ಕಳಿಸಿದರೆ ಸಾಕು. ಸೇರಿದ ದಿನವೇ ಹಾಸ್ಟೆಲ್ ವಿಭಾಗದ ಸದ್ದನ್ನು ಅಡಗಿಸಿಕೊಳ್ಳಿ, ಇಲ್ಲವಾದರೆ ಮೆಸ್ಸಿನ ಸಾಂಬಾರಿನ ಚರ್ಚೆಯಲ್ಲಿ ನಿದ್ದೆ ಹಾಳು. ಪ್ರಶ್ನೆ ಕೇಳುವಾಗ ನೀವು ಏನು ಮಾಡಿ ನೋಡಿದಿರಿ ಎಂಬುದನ್ನು ಚಿತ್ರದ ಸಮೇತ ಹಾಕಿದರೆ ಉತ್ತರ ಬೇಗ ಬರುತ್ತದೆ. ‘ಯಾರಾದ್ರೂ ಸ್ಟ್ಯಾಟ್ಸ್ ಹೇಳಿಕೊಡಿ’ ಎಂದರೆ ಯಾರೂ ಮಾತನಾಡುವುದಿಲ್ಲ. ಸಂಖ್ಯಾಶಾಸ್ತ್ರಕ್ಕೆ ಮತ್ತು ಕನ್ನಡದ ಮಾಪನಿಗಳಿಗೆ ಐದರಲ್ಲಿ ಐದು ಅಂಕ ಕೊಡುತ್ತೇನೆ, ಪ್ರಾಕ್ಟಿಕಲ್ಲಿಗೆ ನಾಲ್ಕು, ನೆಟ್ ಮತ್ತು ಪ್ರವೇಶ ಮಾಹಿತಿಗೆ ಒಂದು. ಆ ಒಂದು ಅಂಕದ ಕಾರಣವನ್ನು ಹೋದ ವಾರ ಅಡ್ಮಿನ್‌ಗೆ ವಿವರವಾಗಿ ಬರೆದು, ಮೂರು ಪತ್ರಿಕೆಗಳ ಆ ಹಳೆಯ ಕೈಪಿಡಿಯನ್ನು ತೆಗೆಯುವಂತೆ ಕೇಳಿದೆ. ಅವನು ತೆಗೆದ, ಆ ವಿಭಾಗಕ್ಕೆ ನನ್ನನ್ನೇ ಅಡ್ಮಿನ್ ಮಾಡಿ, “ಹೊಸದು ನೀವೇ ಬರೀರಿ ಅಕ್ಕ, ಜೂನ್‌ಗೆ ನಾವೆಲ್ಲ ಹೋಗ್ತೀವಿ” ಎಂದ. ಜೂನಿಗೆ ನಾನೂ ಹೋಗುತ್ತೇನೆ.