ಫ್ಲ್ಯಾಟ್ ಸ್ಲ್ಯಾಬ್ ಕಟ್ಟಡ ಇದೆಯಾ? ಕಾಲಂ ಪಕ್ಕ ಕೋರ್ ಕಟಿಂಗ್ ಮಾಡಿಸಬೇಡಿ

ದಾವಣಗೆರೆಯಲ್ಲಿ ನಮ್ಮದೊಂದು ಮೂರು ಅಂತಸ್ತಿನ ಬಾಡಿಗೆ ಕಟ್ಟಡ ಇದೆ. ಬೀಮ್ ಇಲ್ಲ, 9 ಇಂಚಿನ ಸ್ಲ್ಯಾಬ್ ನೇರ ಕಾಲಂ ಮೇಲೆ ಕೂತಿದೆ. ಇದಕ್ಕೇ ಫ್ಲ್ಯಾಟ್ ಸ್ಲ್ಯಾಬ್ ಅನ್ನೋದು. ಸೀಲಿಂಗ್ ನುಣ್ಣಗಿರುತ್ತದೆ, ಎತ್ತರ ಸಿಗುತ್ತದೆ ಅಂತ ಆಸೆಪಟ್ಟು ಹಾಗೆ ಕಟ್ಟಿಸಿದ್ದೆ.

ಮೊದಲ ಮಹಡಿಗೆ ಹೋಟೆಲಿನವರು ಬಂದರು. ಅಡುಗೆಮನೆಯ ನೀರು ಇಳಿಸಲು ಪೈಪು ಬೇಕು. ಕಾಲಂಗೆ ಒತ್ತಿ ಇಳಿಸಿದರೆ ಕಣ್ಣಿಗೆ ಬೀಳುವುದಿಲ್ಲ ಎಂದ ಪ್ಲಂಬರ್. ನಾನೂ ಹೂಂ ಅಂದೆ. ಯಂತ್ರದಲ್ಲಿ ಸ್ಲ್ಯಾಬನ್ನು ದುಂಡಗೆ ಕೊರೆಯುವ ಕೋರ್ ಕಟಿಂಗ್ ಮಾಡಿಸಿ ಒಂದೇ ಮಧ್ಯಾಹ್ನದಲ್ಲಿ 6 ಇಂಚಿನ ಎರಡು ತೂತು ಬಿತ್ತು, ಕಾಲಂನಿಂದ ಮೂರು ಬೆರಳು ದೂರದಲ್ಲಿ. ಅವನ ತಪ್ಪೂ ಪೂರ್ತಿ ಇಲ್ಲ ಬಿಡಿ. ಬೀಮ್ ಕಂಡರೆ ಎಂಥ ಪ್ಲಂಬರೂ ಡ್ರಿಲ್ ಹಿಂದಕ್ಕೆ ತೆಗೆಯುತ್ತಾನೆ. ಇಲ್ಲಿ ಹೆದರಿಕೊಳ್ಳೋಕೆ ಕಣ್ಣಿಗೆ ಏನೂ ಕಾಣಲ್ಲ, ಅಲ್ವಾ?

ಎರಡು ತಿಂಗಳಿಗೆ ಆ ಕಾಲಂ ಸುತ್ತ ಟೈಲ್ಸ್ ಒಡೆಯಿತು. ಟೈಲ್ಸ್‌ನವನನ್ನು ಬೈದು ಬದಲಾಯಿಸಿದೆ. ಮತ್ತೆ ಒಡೆಯಿತು, ಈ ಸಲ ಬಳೆಯ ಹಾಗೆ ದುಂಡಗೆ. ಆಗ ಇಂಜಿನಿಯರ್‌ನ ಕರೆಸಿದೆ.

ಅವರು ಒಳಗೆ ಬಂದು ನೋಡಿದವರೇ ಮೊದಲು ಹೋಟೆಲ್ ಖಾಲಿ ಮಾಡಿಸಿದರು. ಆಮೇಲೆ ವಿವರಿಸಿದರು. ಈ ಸ್ಲ್ಯಾಬಿನ ಭಾರವೆಲ್ಲ ಕಾಲಂ ಸುತ್ತಲಿನ ಚಿಕ್ಕ ಜಾಗದಲ್ಲೇ ಇಳಿಯುತ್ತದೆ. ಹಪ್ಪಳಕ್ಕೆ ಕೆಳಗಿನಿಂದ ಬೆರಳು ಚುಚ್ಚಿದ ಹಾಗೆ ಕಾಲಂ ಸ್ಲ್ಯಾಬನ್ನು ತೂರಿಕೊಂಡು ಬರಬಹುದು. ಪಂಚಿಂಗ್ ಶಿಯರ್ ಅಂತಾರೆ. ಬೀಮ್ ಬಾಗಿ ಸೂಚನೆ ಕೊಟ್ಟ ಹಾಗೆ ಇದು ಕೊಡುವುದು ಕಮ್ಮಿ, ಒಮ್ಮೆಲೇ ಕುಸಿಯುತ್ತದೆ. 1995ರ ಜೂನ್ 29ರಂದು ಸಿಯೋಲ್‌ನ ಸಾಂಪೂಂಗ್ ಡಿಪಾರ್ಟ್‌ಮೆಂಟ್ ಸ್ಟೋರ್ ಕುಸಿದು 502 ಜನ ಸತ್ತರಲ್ಲ, ಅದೂ ಫ್ಲ್ಯಾಟ್ ಸ್ಲ್ಯಾಬೇ. ಬಿರುಕು ಕಂಡ ಮೇಲೂ ಅಂಗಡಿ ತೆರೆದೇ ಇತ್ತು.

ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಾಲಂನಿಂದ ಸ್ಲ್ಯಾಬ್ ದಪ್ಪದ ಹತ್ತು ಪಟ್ಟು ದೂರದೊಳಗೆ ತೂತು ಬಂದರೂ ಲೆಕ್ಕಕ್ಕೆ ಹಿಡಿಯಬೇಕಂತೆ. ನಮ್ಮದಕ್ಕೆ ಅದು ಏಳೂವರೆ ಅಡಿ. ನಾನು ಬಿಟ್ಟಿದ್ದು ಮೂರು ಬೆರಳು!

ಜಾಕಿ ಕೊಟ್ಟು, ಕಾಲಂ ತಲೆಯನ್ನು ಕಾಂಕ್ರೀಟಿನಲ್ಲಿ ದಪ್ಪ ಮಾಡಿಸಿದ್ದಕ್ಕೆ 4 ಲಕ್ಷ ದಾಟಿತು. ಬಾಡಿಗೆಯೂ ಹೋಯಿತು. ನುಣ್ಣನೆ ಸೀಲಿಂಗ್ ಈಗ ಅಲ್ಲೊಂದು ಕಡೆ ಕೊಡೆ ಬಿಚ್ಚಿದ ಹಾಗಿದೆ. ಪೈಪು ಬೇಕೇ ಬೇಕಿದ್ದರೆ ಕಾಂಕ್ರೀಟ್ ಹಾಕುವ ಮೊದಲೇ ಡಿಸೈನ್ ಮಾಡಿದವರನ್ನು ಕೇಳಿ ಸ್ಲೀವ್ (ಪೈಪು ಹಾಯಲು ಬಿಡುವ ಕೊಳವೆ) ಇಡಿಸಿ. ಆಮೇಲಾದರೆ ಕಬ್ಬಿಣ ಎಲ್ಲಿದೆ ಅಂತ ಸ್ಕ್ಯಾನ್ ಮಾಡಿಸದೆ ಡ್ರಿಲ್ ಮುಟ್ಟಿಸಬೇಡಿ.

ಕೊರೆದು ತೆಗೆದ ದುಂಡನೆ ತುಂಡೊಂದನ್ನು ನಾನು ಸುಮ್ನೆ ಗೇಟಿಗೆ ಒತ್ತು ಕೊಟ್ಟಿದ್ದೆ. ಇಂಜಿನಿಯರ್ ಹೋಗುವಾಗ ಅದನ್ನು ಕಾಲಲ್ಲಿ ಹೊರಳಿಸಿದರು. ಮೇಲ್ತುದಿಯ ಹತ್ತಿರ, ಪಕ್ಕದಲ್ಲಿ, ಕತ್ತರಿಸಿದ ಕಬ್ಬಿಣದ ನಾಲ್ಕು ಚುಕ್ಕೆ. ಅಷ್ಟು ದಿನದಿಂದ ದಿನಾ ನೋಡುತ್ತಿದ್ದೆ, ತುಕ್ಕು ಹಿಡಿದಿತ್ತು.