ಡಿಟೆಕ್ಟರ್‌ಗೆಂದು 'ಬಂಗಾರದ ಹೆಡ್‌ಫೋನ್' ಕೊಳ್ಳುವ ಮುಂಚೆ ಇದನ್ನು ಓದಿ

ಮೆಟಲ್ ಡಿಟೆಕ್ಟರ್‌ಗೆಂದೇ ಮಾಡಿದ್ದು, ಇದರಲ್ಲಿ ಬಂಗಾರದ ಸದ್ದು ಬೇರೆಯಾಗಿ ಕೇಳಿಸುತ್ತದೆ ಎಂದು ಹೇಳಿ ಯಾರಾದರೂ ನಿಮಗೆ ಬ್ಲೂಟೂತ್ ಹೆಡ್‌ಫೋನ್ ಮಾರಲು ಬಂದರೆ ದಯವಿಟ್ಟು ದುಡ್ಡು ತೆಗೆಯಬೇಡಿ. ಹಾಗೆ ನನ್ನ ನಾಲ್ಕು ಸಾವಿರ ಚಿಲ್ಲರೆ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಆಗಿದ್ದು ಚಿತ್ತಾಪುರ ತಾಲೂಕಿನ ಒಂದು ರೈತರ ಮನೆಗೆ.

ಹೊಲದಲ್ಲಿ ಬಿದ್ದ ಒಡವೆ, ಮಣ್ಣಲ್ಲಿ ಹೂತುಹೋದ ಪೈಪಿನ ವಾಲ್ವ್, ಮುರಿದು ಬಿದ್ದ ಕುಂಟೆಯ ಕುಡ ಇಂಥವನ್ನು ಹುಡುಕಿಕೊಡಲು ನಾನೊಂದು ಡಿಟೆಕ್ಟರ್ ಇಟ್ಟುಕೊಂಡಿದ್ದೇನೆ. ಅದರ ಜೊತೆ ಬಂದಿದ್ದ ಹೆಡ್‌ಫೋನಿನ ತಂತಿ ಒಳಗೇ ತುಂಡಾಗಿತ್ತು. ಹೊಸದು ಹುಡುಕುತ್ತಿದ್ದಾಗಲೇ ಗೆಳೆಯನ ಮನೆಯಿಂದ ಫೋನ್ ಬಂತು. ತೊಗರಿ ಕೊಯ್ಯುವಾಗ ವೈನಿಯ (ಅತ್ತಿಗೆಯ) ಬೋರಮಾಳದ ದಾರ ಹರಿದು ಗುಂಡುಗಳು ಹೊಲದಲ್ಲಿ ಚೆಲ್ಲಿವೆ, ಕೈಗೆ ಸಿಕ್ಕಷ್ಟು ಆರಿಸಿಕೊಂಡಿದ್ದೇವೆ, ಉಳಿದವು ಸಿಗುತ್ತಿಲ್ಲ ಎಂದರು. ಅದು ಅವರ ತವರಿನಿಂದ ಬಂದ ಸರ. ತೊಗರಿ ಬಲಿಯುವ ಹೊತ್ತಿಗೆ ನಮ್ಮ ಎರೆಹೊಲ ಹೇಗೆ ಬಾಯಿ ಬಿಟ್ಟಿರುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಬಿರುಕಿನಲ್ಲಿ ಬಿದ್ದದ್ದು ಕಣ್ಣಿಗೆ ಕಾಣುವುದಿಲ್ಲ.

ಬೋರಮಾಳದ ಗುಂಡು ಗಟ್ಟಿ ಬಂಗಾರವಲ್ಲ. ಮೇಲೆ ತೆಳುವಾದ ಬಂಗಾರದ ತಗಡು, ಒಳಗೆ ಅರಗು. ಇಂಥ ಸಣ್ಣ ತೆಳು ವಸ್ತುವಿಗೆ ಡಿಟೆಕ್ಟರ್ ದೊಡ್ಡದಾಗಿ ಕೂಗುವುದಿಲ್ಲ. ಮಷೀನಿನಲ್ಲಿ ಸದಾ ಒಂದು ಸಣ್ಣ ಗುಂಯ್ ಸದ್ದು ಇಟ್ಟುಕೊಂಡಿರುತ್ತೇವೆ, ಅದಕ್ಕೆ ತ್ರೆಶ್‌ಹೋಲ್ಡ್ ಅನ್ನುತ್ತಾರೆ. ಗುಂಡಿನ ಮೇಲೆ ಕಾಯಿಲ್, ಅಂದರೆ ಮಷೀನಿನ ತುದಿಯಲ್ಲಿ ನೆಲದ ಮೇಲೆ ಬೀಸುವ ಭಾಗ, ಹಾದಾಗ ಆ ಗುಂಯ್ ಒಂದು ಕ್ಷಣ ತುಸು ಏರುತ್ತದೆ, ಇಲ್ಲವೇ ಮುರಿಯುತ್ತದೆ. ಅಷ್ಟೇ. ಆಸ್ಟ್ರೇಲಿಯಾದ ಬಂಗಾರದ ಬಯಲುಗಳಲ್ಲಿ ಕಾಳಿನಷ್ಟು ಗಟ್ಟಿ ಹುಡುಕುವವರೂ ಇದೇ ಸದ್ದಿಗೆ ಕಿವಿಗೊಟ್ಟು ದಿನವಿಡೀ ನಡೆಯುತ್ತಾರೆ. ಅದು ಕಿವಿಗೆ ತಲುಪದಿದ್ದರೆ ಎಷ್ಟು ಲಕ್ಷದ ಮಷೀನಿದ್ದರೂ ಅಷ್ಟೇ.

ಕಲಬುರಗಿಯ ಅಂಗಡಿಯಲ್ಲಿ ನಾನು ಕೇಳಿದ್ದು ತಂತಿ ಇರುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಮಾಲೀಕರು ಬೇರೊಂದು ಡಬ್ಬಿ ತಂದು ಮುಂದಿಟ್ಟರು. ಬ್ಲೂಟೂತ್ ಹೆಡ್‌ಫೋನ್, ಜೊತೆಗೆ ಡಿಟೆಕ್ಟರ್‌ಗೆ ಚುಚ್ಚುವ ಪುಟ್ಟ ಟ್ರಾನ್ಸ್‌ಮಿಟರ್. "ಇದ್ರಾಗ ಗೋಲ್ಡ್ ಮೋಡ್ ಅದರೀ ಸರ್, ಸುತ್ತಲಿನ ಗದ್ದಲ ಎಲ್ಲಾ ಕಟ್ ಆಗ್ತದ, ಬಂಗಾರದ್ದಷ್ಟೇ ಕೇಳ್ತದ. ಒಂದೀಟೂ ಡಿಲೇ ಇಲ್ಲ" ಅಂದರು. ಮಷೀನ್ ತಂದು ಚುಚ್ಚಿ ನೋಡುತ್ತೇನೆ ಅಂದಾಗ ಡಬ್ಬಿ ಒಡೆದರೆ ಮಾಲು ನಿಮ್ಮದೇ ಅಂದರು. ಕೊಟ್ಟದ್ದು ಕಚ್ಚಾ ಬಿಲ್ಲು.

ಹೊಲದಲ್ಲಿ ಆನ್ ಮಾಡಿದಾಗ ಗುಂಯ್ ಸದ್ದೇ ಇಲ್ಲ. ಪೂರ್ತಿ ನಿಶ್ಶಬ್ದ. ವಾಲ್ಯೂಮ್ ಏರಿಸಿದರೂ ಅಷ್ಟೇ. ಕುಡಗೋಲು ಎದುರು ಹಿಡಿದರೆ ಮಾತ್ರ ಕಿವಿ ಹರಿಯುವಂತೆ ಕೂಗುತ್ತಿತ್ತು. ಮೆಲು ಸದ್ದು ಬಂದರೆ ಅದನ್ನು ಸದ್ದೇ ಅಲ್ಲವೆಂದು ಬಂದ್ ಮಾಡುವ ಏರ್ಪಾಡು ಇಂಥ ಅಗ್ಗದ ಟ್ರಾನ್ಸ್‌ಮಿಟರ್‌ಗಳಲ್ಲಿ ಕೆಲವಕ್ಕೆ ಇರುತ್ತದೆ. ಹಾಡು ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ನಮಗೆ ಬೇಕಾದದ್ದು ಮಾತ್ರ ಅಲ್ಲೇ ಸಾಯುತ್ತದೆ. ಗೋಲ್ಡ್ ಮೋಡ್ ಅನ್ನುವುದು ಶುದ್ಧ ಸುಳ್ಳು. ಲೋಹ ಯಾವುದೆಂದು ಅಂದಾಜು ಮಾಡುವುದು ಕಾಯಿಲ್ ಮತ್ತು ಮಷೀನಿನ ಸರ್ಕ್ಯೂಟ್. ಹೆಡ್‌ಫೋನ್ ಬಂದ ಸದ್ದನ್ನು ಕಿವಿಗೆ ಮುಟ್ಟಿಸುತ್ತದೆ, ಬಂಗಾರ ಯಾವುದು ತಗಡು ಯಾವುದು ಅದಕ್ಕೆ ತಿಳಿಯದು.

ನಡುನಡುವೆ ಬಂದ ಜೋರು ಸದ್ದುಗಳಲ್ಲಿ ಇನ್ನೊಂದು ದೋಷ ಕಂಡಿತು. ಕಾಯಿಲ್ ಎಡದಿಂದ ಬಲಕ್ಕೆ ಬೀಸಿದರೆ ಸದ್ದು ಬಲಕ್ಕೆ ಸರಿದು ಕೇಳುತ್ತದೆ, ಬಲದಿಂದ ಎಡಕ್ಕೆ ಬೀಸಿದರೆ ಎಡಕ್ಕೆ. ಲೆಕ್ಕ ಸುಲಭ. ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು ಸುಮಾರು 0.2 ಸೆಕೆಂಡ್ ತಡವಾಗಿ ಬರುತ್ತದೆ. ಕಾಯಿಲ್ ಸೆಕೆಂಡಿಗೆ ಒಂದು ಮೀಟರ್ ಬೀಸಿದರೆ ಅಷ್ಟರಲ್ಲಿ ಅದು 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಎರಡೂ ಕಡೆಯದು ಸೇರಿ 40 ಸೆಂಟಿಮೀಟರ್ ವ್ಯತ್ಯಾಸ. ಬಿರುಕು ಬಿಟ್ಟ ನೆಲದಲ್ಲಿ ಅದು ಯಾವ ಬಿರುಕು ಎಂದು ಹೇಳುವುದು ಹೇಗೆ? ನಾವು ಕೆದಕಿದ ಕಡೆ ಸಿಕ್ಕಿದ್ದು ಒಂದು ಮೊಳೆ, ಗುಟ್ಕಾ ಚೀಟಿಗಳು.

ಆ ಮನೆಯ ಕಾಕಾ ಸಂಜೆಯವರೆಗೆ ನನ್ನ ಹಿಂದೆಯೇ ನಡೆದರು. ಕೊನೆಗೆ "ಮಷೀನ ಏನೂ ಅನ್ನವಲ್ದು, ಇಲ್ಲಿ ಇಲ್ಲ ತೊಗೋ ತಮ್ಮಾ" ಅಂದರು. ರಾಶಿ ಮುಗಿದ ಮೇಲೆ ಆ ಪಟ್ಟಿಗೆ ರೋಟವೇಟರ್ ಹೊಡೆಸಿದರು. ಆಮೇಲೆ ನಾನು ಬೀದರಿನ ಪರಿಚಯದವರೊಬ್ಬರ ತಂತಿ ಹೆಡ್‌ಫೋನ್ ತಂದು ಅದೇ ಮಷೀನಿಗೆ ಹಾಕಿ ಅದೇ ಪಟ್ಟಿಯಲ್ಲಿ ನಡೆದಾಗ ಗುಂಯ್ ಸದ್ದು ಏರಿದ್ದು ಸ್ಪಷ್ಟವಾಗಿ ಕೇಳಿತು. ಹೆಂಟೆ ಒಡೆದರೆ ಒಳಗೆ ಗುಂಡು. ಬ್ಲೇಡಿಗೆ ಸಿಕ್ಕಿ ಚಪ್ಪಟೆಯಾಗಿ, ಅರಗು ಪುಡಿಯಾಗಿ, ತಗಡಿನ ಅಂಚು ಹರಿದಿತ್ತು. ವೈನಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಉಗುರಿನಿಂದ ಮಣ್ಣು ಬಿಡಿಸುತ್ತಾ ಕೂತರು, ಏನೂ ಅನ್ನಲಿಲ್ಲ. ಕೆಲವು ಸಿಕ್ಕವು, ಎಲ್ಲವೂ ಸಿಗಲಿಲ್ಲ. ಆ ಅಂಗಡಿಯವರ ಮೇಲೆ ನನಗೆ ಸಿಟ್ಟು ಬಂದಿರುವುದು ದುಡ್ಡಿಗಲ್ಲ, ಇದಕ್ಕೆ.

ವಾಪಸ್ ಕೊಡಲು ಹೋದಾಗ ಡಬ್ಬಿ ಒಡೆದದ್ದು ತೆಗೆದುಕೊಳ್ಳುವುದಿಲ್ಲ ಎಂದೇ ಹೇಳಿದರು. ಪಕ್ಕಾ ಬಿಲ್ಲು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವುದು ಸುಲಭ. ಜಿಎಸ್‌ಟಿ ಇರುವ ಬಿಲ್ಲು ಕೊಡದ ಕಡೆ ಎಲೆಕ್ಟ್ರಾನಿಕ್ ಸಾಮಾನು ಬೇಡವೇ ಬೇಡ.

ಕೊಳ್ಳುವವರು ಮಷೀನನ್ನು ಅಂಗಡಿಗೇ ಒಯ್ಯಿರಿ. ಮೊದಲು ಪಿನ್ ನೋಡಿ. ಕೆಲವು ಡಿಟೆಕ್ಟರ್‌ಗೆ ದಪ್ಪ 6.35 ಮಿಲಿಮೀಟರ್ ಪಿನ್ ಬೇಕು, ಕೆಲವಕ್ಕೆ ಮೊಬೈಲಿನಂಥ 3.5. ಮೊನೊ ಜಾಕಿಗೆ ಸ್ಟೀರಿಯೊ ಪಿನ್ ಹಾಕಿದರೆ ಒಂದೇ ಕಿವಿಗೆ ಸದ್ದು ಬರುತ್ತದೆ, ಹೆಡ್‌ಫೋನ್ ಕೆಟ್ಟಿದೆ ಎಂದು ಸುಮ್ಮನೆ ಎಸೆಯಬೇಡಿ. ಆಮೇಲೆ ಕಬ್ಬಿಣ ಇಲ್ಲದ ಜಾಗದಲ್ಲಿ ಒಂದು ಮೂಗುತಿ ಇಟ್ಟು ಕಾಯಿಲ್ ಮೆಲ್ಲಗೆ ಬೀಸಿ. ಗುಂಯ್ ಸದ್ದು ಸದಾ ಇರಬೇಕು, ಮೂಗುತಿಯ ಮೇಲೆ ಹಾದ ಗಳಿಗೆಗೇ ಏರಬೇಕು. ತಂತಿ ಕಾಲಿಗೆ ತೊಡರುತ್ತದೆ ಅನ್ನುವವರು ಸುರುಳಿ ತಂತಿಯದು ತಗೊಳ್ಳಿ. ತಂತಿ ಬೇಡವೇ ಬೇಡ ಅನ್ನುವವರಿಗೆ ಡಿಟೆಕ್ಟರ್ ಕಂಪನಿಗಳೇ ತಮ್ಮ ಮಷೀನಿಗೆ ಹೊಂದುವಂತೆ ಮಾಡಿದ ವೈರ್‌ಲೆಸ್ ಹೆಡ್‌ಫೋನ್‌ಗಳಿವೆ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಅನ್ನುವ, ಸದ್ದನ್ನು ಬೇಗ ಮುಟ್ಟಿಸುವ ಬ್ಲೂಟೂತ್ ಏರ್ಪಾಡು ಇದ್ದರೆ ತಡ ಸುಮಾರು 0.04 ಸೆಕೆಂಡಿಗೆ ಇಳಿಯುತ್ತದೆ, ಆದರೆ ಅದು ಹೆಡ್‌ಫೋನ್ ಮತ್ತು ಟ್ರಾನ್ಸ್‌ಮಿಟರ್ ಎರಡರಲ್ಲೂ ಇರಬೇಕು.

ಹೆಡ್‌ಫೋನ್ ಮೇಲೇ ವಾಲ್ಯೂಮ್ ಗುಂಡಿ ಇರಲಿ. ಹೂತ ಕಬ್ಬಿಣದ ಮೇಲೆ ಹಾದಾಗ ಬರುವ ಕೂಗು ಕಿವಿಗೆ ಒಳ್ಳೆಯದಲ್ಲ. ಬೀದರಿನ ಕೆಂಪು ಮಣ್ಣಲ್ಲಿ ಕಬ್ಬಿಣದಂಶ ಹೆಚ್ಚು, ಅಲ್ಲಿ ಮಣ್ಣೇ ಸದ್ದು ಮಾಡುತ್ತದೆ. ಮಣ್ಣಿನ ಸದ್ದು ಅಡಗಿಸುವ ಮಷೀನಿನ ಗ್ರೌಂಡ್ ಬ್ಯಾಲೆನ್ಸ್ ಸರಿ ಮಾಡಿಕೊಂಡು ಆಮೇಲೆ ಹೆಡ್‌ಫೋನಿನ ಗುಣ ನೋಡಿ. ಇನ್ನು ಹುಲ್ಲು ಬೆಳೆದ ಬದುವಿನಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಡೆಯಬೇಡಿ. ಹಾವಿನ ಬುಸ್ ಸದ್ದೂ ಕೇಳುವುದಿಲ್ಲ, ಹಿಂದಿನಿಂದ ಬರುವ ಟ್ರ್ಯಾಕ್ಟರೂ ಕೇಳುವುದಿಲ್ಲ.

ಅದೇ ಅಂಗಡಿಯವರು ಇದನ್ನು ಹಾಕಿಕೊಂಡು ಕೋಟೆ ಕಡೆ ಹೋಗಿ ನೋಡಿ, ನಿಧಿ ಸಿಗುತ್ತದೆ ಎಂದೂ ಹೇಳಿದ್ದರು. ಹುಡುಗರಿಗೂ ಹೀಗೇ ಹೇಳುತ್ತಾರೆ ಎಂದು ನನಗೆ ಭಯ. ಸನ್ನತಿಯಾಗಲಿ, ಬೀದರ್ ಕೋಟೆಯಾಗಲಿ, ರಕ್ಷಿತ ಜಾಗದಲ್ಲಿ ಅಗೆಯುವುದು 1958ರ ಸ್ಮಾರಕ ಕಾಯ್ದೆಯಡಿ ಅಪರಾಧ. ಸ್ವಂತ ಹೊಲದಲ್ಲೇ ಹಳೆಯ ನಿಧಿ ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕು, ಅದಕ್ಕೆ 1962ರ ಕರ್ನಾಟಕದ ಕಾಯ್ದೆಯೇ ಇದೆ. ಅದಿರಿನ ಬಂಗಾರ ಹುಡುಕುವುದಕ್ಕೂ ಪರವಾನಗಿ ಬೇಕು. ಹಟ್ಟಿ ಚಿನ್ನದ ಗಣಿ ಹತ್ತಿರ ಇದೆ ಎಂದು ನಮ್ಮ ಶಹಾಬಾದ್ ಕಲ್ಲಿನ ನೆಲದಲ್ಲಿ ಬಂಗಾರ ಸಿಗುತ್ತದೆ ಅನ್ನುವವರನ್ನು ನಂಬಬೇಡಿ.

ಕಲಬುರಗಿ, ಯಾದಗಿರಿ ಕಡೆಯವರು ಯಾರಾದರೂ ಹೆಡ್‌ಫೋನ್ ಕೊಳ್ಳುವವರಿದ್ದರೆ ನನಗೆ ಬರೆಯಿರಿ. ನನ್ನ ಮಷೀನ್ ತರುತ್ತೇನೆ, ಚುಚ್ಚಿ ಕೇಳಿ ನೋಡಿ ಆಮೇಲೆ ದುಡ್ಡು ಕೊಡುವಿರಂತೆ.